ಹದಿನಾಲ್ಕನೆಯ ಸಾಲಿನ ಮೂರು ಅಂಕಿ

ಮಾನಸಾ, ನೀನು ಕೆನಡಾಕ್ಕೆ ಓದಲು ಹೋಗುವುದು ಗಟ್ಟಿಯಾದ ದಿನ ಊಟಕ್ಕೆ ಕೂತಾಗ ನನ್ನನ್ನು ಕೇಳಿದೆ: "ಅಜ್ಜಿ, ಯೂ ವರ್ಕ್ಡ್ ಅಟ್ ಎ ಬಿಗ್ ಯೂನಿ. ವಾಟ್ಸ್ ಇಟ್ ಲೈಕ್?" ನಾನು, "ಚಲೋ ಇರ್ತದವ್ವ, ಇನ್ನೊಂದೀಟು ಅನ್ನ ಹಾಕ್ಲೇನು?" ಎಂದೆ. ನೀನು ಬೇಡ ಎಂದೆ. ಮಾತು ಅಲ್ಲಿಗೆ ಮುಗಿಯಿತು. ನನ್ನ ಬಹುಪಾಲು ಮಾತುಗಳು ಹೀಗೆಯೇ ಮುಗಿಯುತ್ತವೆ. ಆದ್ದರಿಂದ ಬರೆಯುತ್ತಿದ್ದೇನೆ. ನಿನಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ನಿನ್ನ ಅಪ್ಪ ಓದಿ ಹೇಳುತ್ತಾನೆ. ನಡುವೆ ಅವನು ತನ್ನ ಬುದ್ಧಿಮಾತು ಸೇರಿಸಿದರೆ ಅದು ನನ್ನದಲ್ಲ ಎಂದು ತಿಳಿದುಕೋ.

ನೀನು ಹೋಗುವ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಒಂದು ಪಾಠಕ್ಕೆ ಆರುನೂರು ಜನ ಕೂರುತ್ತಾರಂತೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ನೆಲದಡಿಯಲ್ಲಿ ದಾರಿ ಇದೆಯಂತೆ, ಮೇಲೆ ಹಿಮ ಇರುತ್ತದಂತೆ. ಹಿಮದ ಬಗ್ಗೆ ನನಗೆ ಏನೂ ಗೊತ್ತಿಲ್ಲ. ನಾನು ಒಂದು ದಿನವೂ ವಿಶ್ವವಿದ್ಯಾಲಯದಲ್ಲಿ ಕೂತವಳಲ್ಲ; ಹದಿನಾರು ವರ್ಷ ಅಲ್ಲಿ ನಿಂತವಳು. ಪರ್ತ್‌ನಲ್ಲಿ ಒಂದು ದೊಡ್ಡ ವಿಶ್ವವಿದ್ಯಾಲಯದ ಪರೀಕ್ಷೆಗಳಿಗೆ ಮೇಲ್ವಿಚಾರಕಿಯಾಗಿದ್ದೆ. ಆರುನೂರು ಜನ ಒಟ್ಟಿಗೆ ಕೂತರೆ ಏನಾಗುತ್ತದೆ ಎಂಬುದು ನಿಂತವರಿಗೂ ಸ್ವಲ್ಪ ಕಾಣುತ್ತದೆ.

ಮುಖ್ಯವಾಗಿ ಶಬಾನಾಳ ವಿಷಯ ಹೇಳಬೇಕಾಗಿದೆ. ಅವಳು ನರ್ಸಿಂಗ್ ಓದುತ್ತಿದ್ದಳು. ಉತ್ತರ ಪತ್ರಿಕೆಯ ಮೇಲೆ ಬರೆದ ಮೂರು ಅಂಕಿಯಿಂದ ಅವಳ ಓದೇ ನಿಂತುಹೋಗುವುದರಲ್ಲಿತ್ತು. ಅದನ್ನು ತಡೆಯಬೇಕಾದರೆ ನಾನು ಬಾಯಿ ಬಿಡಬೇಕಾಗಿತ್ತು. ಆದರೆ ಆ ಜಾಗದ ರೀತಿ ಮೊದಲು ಹೇಳದಿದ್ದರೆ ಅದು ನಿನಗೆ ಅರ್ಥವಾಗುವುದಿಲ್ಲ.

ನಾನು ಓದಿದ್ದು ಹಾವೇರಿ ಕಡೆಯ ಹಳ್ಳಿಯ ಶಾಲೆಯಲ್ಲಿ, ಎಸ್ಸೆಸ್ಸೆಲ್ಸಿವರೆಗೆ. ನಿನ್ನ ಅಜ್ಜ ಹುಬ್ಬಳ್ಳಿಯಲ್ಲಿ ಲೇತ್ ಮೆಷಿನ್ನಿನ ಕೆಲಸ ಕಲಿತು, ಅದರ ಮೇಲೆ ಅಡಿಲೇಡಿನ ಸ್ಯಾಲಿಸ್‌ಬರಿಗೆ ಬಂದರು. ಇಂಗ್ಲಿಷನ್ನು ನಾನು ಅಲ್ಲಿನ ಲೈಬ್ರರಿಯಲ್ಲಿ ಹೆಂಗಸರಿಗೆಂದು ನಡೆಸುತ್ತಿದ್ದ ತರಗತಿಯಲ್ಲಿ ಕಲಿತೆ. ಓದುವುದು ಬಂತು, ಬರೆಯುವುದು ಬಂತು, ಮಾತಾಡುವ ಪಾಠ ಬಂದಾಗ ನನಗೆ ಪ್ರತಿ ವಾರ ಜ್ವರ ಬರುತ್ತಿತ್ತು. ಅಜ್ಜ ತೀರಿಕೊಂಡ ಮೇಲೆ ಪರ್ತ್‌ಗೆ ಹೋದೆ. ನಿನ್ನ ಸುಮಾ ಅತ್ತೆ ಆಗ ಅಲ್ಲಿಯ ಜೂಂಡಲಪ್ ಬಡಾವಣೆಯ ಆಸ್ಪತ್ರೆಯಲ್ಲಿ ನರ್ಸ್. ಅವಳೇ ಒಂದು ಜಾಹೀರಾತು ನೋಡಿ, "ಅವ್ವಾ, ಮನ್ಯಾಗ ಗೋಡಿ ನೋಡಿಕೋತ ಕುಂದರೋದು ಬಿಟ್ಟು ಅಲ್ಲಿ ಹೋಗಿ ಹುಡುಗರನ್ನ ನೋಡು, ರೊಕ್ಕಾನೂ ಕೊಡ್ತಾರ" ಎಂದಳು.

ನನ್ನನ್ನು ಸಂದರ್ಶನ ಮಾಡಿದವರು ಮುಖ್ಯ ಮೇಲ್ವಿಚಾರಕಿ ಮಾರ್ಗರೆಟ್. ನಿವೃತ್ತ ಶಾಲಾ ಶಿಕ್ಷಕಿ, ಎತ್ತರದ ಹೆಂಗಸು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಮೂರೇ ಪ್ರಶ್ನೆ ಕೇಳಿದರು. ಇಂಗ್ಲಿಷ್ ಓದಲು ಬರುತ್ತದೆಯೇ? ಮೂರು ಗಂಟೆ ನಿಲ್ಲಲು ಆಗುತ್ತದೆಯೇ? ಆ ಮೂರು ಗಂಟೆ ಮಾತಾಡದೆ ಇರಲು ಆಗುತ್ತದೆಯೇ? ಮೂರನೆಯದಕ್ಕೆ ನಾನು ತಲೆಯಾಡಿಸಿದೆ. ಅದನ್ನೇ ಉತ್ತರವೆಂದು ಬರೆದುಕೊಂಡರು. ನನ್ನ ಸ್ವಭಾವ ಒಂದು ಅರ್ಹತೆಯಾಗಿ ಕಾಗದದ ಮೇಲೆ ಬಂದದ್ದು ಅದೇ ಮೊದಲು.

ಪರೀಕ್ಷೆ ನಡೆಯುತ್ತಿದ್ದುದು ಆಟದ ಒಳಾಂಗಣದಲ್ಲಿ. ನೆಲದ ಮೇಲೆ ಬಾಸ್ಕೆಟ್‌ಬಾಲಿನ ಗೆರೆಗಳು, ಅದರ ಮೇಲೆ ಮೇಜುಗಳ ಸಾಲು, ಪ್ರತಿ ಮೇಜಿಗೆ ಒಂದು ನಂಬರು. ನಮ್ಮೂರಿನ ಶಾಲೆಯಲ್ಲಿ ಮಾಸ್ತರರಿಗೆ ನಮ್ಮ ಹೆಸರು, ಅಪ್ಪನ ಹೆಸರು, ಮನೆಯ ಎಮ್ಮೆ ಈಗ ಹಿಂಡುತ್ತದೋ ಬಿಟ್ಟಿದೆಯೋ ಎಂಬುದೂ ಗೊತ್ತಿರುತ್ತಿತ್ತು. ಇಲ್ಲಿ ವಿದ್ಯಾರ್ಥಿಗೆ ಎಂಟು ಅಂಕಿಯ ನಂಬರು. ಉತ್ತರ ಪತ್ರಿಕೆಯಲ್ಲಿ ಹೆಸರು ಬರೆಯುವಂತಿಲ್ಲ. ತಿದ್ದುವವರಿಗೆ ಬರೆದವರು ಯಾರೆಂದು ಗೊತ್ತಾಗಬಾರದು ಎಂಬುದು ನಿಯಮ. ಒಳ್ಳೆಯ ನಿಯಮವೇ. ಮುಖ ನೋಡಿ ಮಣೆ ಹಾಕುವ ಹಾಗಿಲ್ಲ.

ಆದರೆ ಅದರಿಂದ ಇನ್ನೊಂದೂ ಆಗುತ್ತದೆ. ಒಬ್ಬರು ಪರೀಕ್ಷೆಗೆ ಬರದಿದ್ದರೆ ನಾನು ಪಟ್ಟಿಯಲ್ಲಿ ಅವರ ನಂಬರಿನ ಮುಂದೆ ಒಂದು ಗೆರೆ ಎಳೆಯುತ್ತಿದ್ದೆ. ಅಷ್ಟೇ. ಯಾಕೆ ಬರಲಿಲ್ಲ ಎಂದು ಕೇಳಿಕೊಂಡು ಯಾರೂ ಅವರ ಮನೆಯ ಕಡೆ ಹೊರಡುತ್ತಿರಲಿಲ್ಲ. ಒಮ್ಮೆ ಒಬ್ಬ ಹುಡುಗ ಪರೀಕ್ಷೆ ಮುಗಿದು ಎಲ್ಲರೂ ಹೊರಗೆ ಬರುವ ಹೊತ್ತಿಗೆ ಹೊಸ ಪೆನ್ನು ಹಿಡಿದುಕೊಂಡು ಬಂದ. ಮಧ್ಯಾಹ್ನದ್ದು ಅಂದುಕೊಂಡಿದ್ದನಂತೆ. "ಆರ್ವೋ ಅಲ್ವಾ?" ಎಂದು ಬಾಗಿಲಲ್ಲೇ ನಿಂತ; ಅಲ್ಲಿಯವರು ಮಧ್ಯಾಹ್ನಕ್ಕೆ ಹಾಗೆನ್ನುತ್ತಾರೆ. ಅವನ ಜೊತೆ ಒಂದೇ ಪಾಠ ಕೇಳುವವರು ನಾನೂರು ಜನರಿದ್ದರು. ಅವರಲ್ಲಿ ಒಬ್ಬರ ಹೆಸರೂ ಅವನಿಗೆ ಗೊತ್ತಿರಲಿಲ್ಲ, ಕೇಳಲು. ಆದ್ದರಿಂದ ನೀನು ಹೋದ ಮೊದಲ ವಾರದಲ್ಲೇ, ನೀನು ಬರದಿದ್ದರೆ ಬರಲಿಲ್ಲ ಎಂದು ಗಮನಿಸುವ ಒಬ್ಬಳನ್ನು ಹುಡುಕಿಕೋ. ಒಬ್ಬಳು ಸಾಕು. ಪುಸ್ತಕ ಆಮೇಲೆ ಕೊಂಡರೂ ನಡೆಯುತ್ತದೆ.

ನನ್ನ ತಪ್ಪುಗಳನ್ನೂ ಬರೆಯುತ್ತೇನೆ. ಮೊದಲ ದಿನ ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಿದ್ದೆ. ಸಾಲುಗಳ ನಡುವೆ ನಡೆದರೆ ಚಟ್ ಚಟ್ ಎಂದು ಸದ್ದು. ಒಬ್ಬಳು ಕೈ ಎತ್ತಿ ದೂರಿದಳು. ಮಾರ್ಗರೆಟ್ ನನ್ನ ಕಾಲು ನೋಡಿದರು. ನಾನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಡೆಯತೊಡಗಿದೆ. ಸದ್ದು ನಿಂತಿತು. ಆದರೆ ಬರಿಗಾಲಲ್ಲಿ ನಡೆಯುವುದನ್ನು ಸುರಕ್ಷತಾ ನಿಯಮ ಒಪ್ಪುವುದಿಲ್ಲವಂತೆ. ಅದಕ್ಕೆ ಬೇರೆ ಫಾರಂ ಇತ್ತು, ತುಂಬಿದರು.

ಎರಡನೆಯ ವಾರ ಒಬ್ಬ ಹುಡುಗ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದ. ನಮ್ಮ ಮಾಸ್ತರರಾದರೆ ಬೆನ್ನಿಗೆ ಒಂದು ಕೊಟ್ಟು ಎಬ್ಬಿಸುತ್ತಿದ್ದರು. ನಾನು ಹೆಗಲು ಮುಟ್ಟಿ ಎಬ್ಬಿಸಿದೆ. ಅವನು ಬರೆದು ಮುಗಿಸಿ ಮಲಗಿದ್ದ. ವಿದ್ಯಾರ್ಥಿಯನ್ನು ಮುಟ್ಟಬಾರದು, ವಿದ್ಯಾರ್ಥಿಗೆ ಮಲಗುವ ಹಕ್ಕಿದೆ ಎಂದು ಎರಡು ಸಾಲಿನ ಪತ್ರ ಬಂತು. ಇನ್ನೊಮ್ಮೆ, ಬೇಗ ಬೇಗ ಬರೆಯುತ್ತಿದ್ದವರಿಗೆಲ್ಲ ಅವರು ಕೇಳುವ ಮೊದಲೇ ಹೆಚ್ಚುವರಿ ಹಾಳೆ ಇಟ್ಟುಕೊಂಡು ಹೋದೆ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಅಡಿಷನಲ್ ಶೀಟ್ ತೆಗೆದುಕೊಂಡು ದಾರ ಕಟ್ಟಿದವರೇ ಜಾಣರು. ಇಲ್ಲಿ ಆ ಪರೀಕ್ಷೆ ಒಂದು ಪ್ರಶ್ನೆಗೆ ನಾಲ್ಕೇ ಸಾಲು ಬರೆಯುವಂಥದ್ದು. ಹಾಳೆ ಸಿಕ್ಕವರು ತಾವೇನೋ ಬಿಟ್ಟಿದ್ದೇವೆಂದು ಗಾಬರಿಯಾಗಿ ಪ್ರಶ್ನೆಪತ್ರಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಬ್ಬಳು ಅತ್ತಳು.

ನನ್ನ ಜೊತೆಗೆ ಕಾಲಿನ್ ಎಂಬವರಿದ್ದರು. ಮೊದಲು ಬಸ್ ಓಡಿಸುತ್ತಿದ್ದವರು. "ಶಾಂತಾ, ಈ ಕೆಲಸದಲ್ಲಿ ಒಳ್ಳೆಯದು ಮಾಡಲು ಹೋಗಬಾರದು. ಬಸ್ಸಿನಂತೆಯೇ. ಬಾಗಿಲು ತೆರೆ, ಬಾಗಿಲು ಮುಚ್ಚು" ಎಂದು ಹೇಳಿಕೊಟ್ಟರು. ಅದನ್ನು ಪಾಲಿಸಿದೆ. ಮೆತ್ತನೆಯ ಅಡಿಯ ಬೂಟು ಕೊಂಡೆ. ಹತ್ತು ಹನ್ನೊಂದು ವರ್ಷ ನನ್ನ ಮೇಲೆ ಒಂದು ಫಾರಮ್ಮೂ ತುಂಬಲಿಲ್ಲ.

ಕೆಲಸದ ರೀತಿ ನಡುನಡುವೆ ಬದಲಾಯಿತು. ಮೊದಲು ಚೀಲಗಳನ್ನು ಗೋಡೆಯ ಪಕ್ಕ ಇಟ್ಟರೆ ಸಾಕಿತ್ತು. ಆಮೇಲೆ ಫೋನನ್ನು ಚೀಲದಲ್ಲಿ ಹಾಕಿ ಕುರ್ಚಿಯ ಕೆಳಗೆ ಇಡಬೇಕಾಯಿತು, ಆಮೇಲೆ ಕೈಗಡಿಯಾರವೂ ಹೋಯಿತು, ಆಮೇಲೆ ನೀರಿನ ಬಾಟಲಿಯ ಮೇಲಿನ ಚೀಟಿಯನ್ನೂ ಕೀಳಿಸಿದರು. ಚೀಟಿಯ ಒಳಬದಿಗೆ ಯಾರೋ ಒಬ್ಬ ಪಾಠವನ್ನೆಲ್ಲ ಸಣ್ಣಕ್ಷರದಲ್ಲಿ ಬರೆದು ಮತ್ತೆ ಅಂಟಿಸಿದ್ದನಂತೆ. ಅಷ್ಟು ಬರೆಯುವ ಹೊತ್ತಿಗೆ ಬಾಯಿಪಾಠವೇ ಆಗಿರಬೇಕಲ್ಲ ಎಂದು ನಾನು ಯೋಚಿಸಿದೆ. ಯಾರಿಗೂ ಹೇಳಲಿಲ್ಲ.

ಇನ್ನು ಶಬಾನಾ.

ನರ್ಸಿಂಗಿನ ಎರಡನೆಯ ವರ್ಷದ ಪರೀಕ್ಷೆ, ಔಷಧಗಳ ಲೆಕ್ಕದ್ದು. ಹದಿನಾಲ್ಕನೆಯ ಸಾಲು ನನ್ನ ಪಾಲಿನದು. ಪ್ರಶ್ನೆಪತ್ರಿಕೆ ತೆರೆಯಲು ಹೇಳಿ ಒಂದು ನಿಮಿಷ ಆಗಿರಬೇಕು. ಬೂದು ಬಣ್ಣದ ಸ್ಕಾರ್ಫ್ ಸುತ್ತಿದ ಒಂದು ಹುಡುಗಿ ಮೊದಲ ಪುಟ ನೋಡಿ, "ಯವ್ವಾ" ಎಂದಿತು. ಮೆಲ್ಲಗೆ, ಉಸಿರಿನಲ್ಲೇ.

ಪರ್ತ್‌ನಲ್ಲಿ ನನಗೆ ಕೇಳಸಿಗುವ ಕನ್ನಡ ಬೆಂಗಳೂರಿನದು, ಮೈಸೂರಿನದು. "ಬಂದ್ಬಿಡಿ ಆಂಟಿ, ಬಾರ್ಬಿ ಇಟ್ಕೊಂಡಿದೀವಿ, ನಿಮಗೆ ವೆಜ್ ಇರತ್ತೆ" ಎಂದು ಬಾರ್ಬೆಕ್ಯೂ ಊಟಕ್ಕೆ ಕರೆಯುವ ಕನ್ನಡ. ಒಳ್ಳೆಯ ಜನ. ಆದರೆ "ಯವ್ವಾ" ಎನ್ನುವುದನ್ನು ನಾನು ಎಷ್ಟೋ ವರ್ಷಗಳಿಂದ ನನ್ನ ಬಾಯಲ್ಲಿ ಬಿಟ್ಟು ಬೇರೆ ಕಡೆ ಕೇಳಿರಲಿಲ್ಲ. ಅವಳು ಪೆನ್ನಿನ ಮುಚ್ಚಳವನ್ನೂ ತೆಗೆದಿರಲಿಲ್ಲ. ನಾನು ಬಗ್ಗಿ ಹೇಳಿಬಿಟ್ಟೆ: "ಅಂಜಬ್ಯಾಡವ್ವ. ಸಾವಕಾಶ ಬರಿ. ಹೊತ್ತೈತಿ."

ಪರೀಕ್ಷೆ ನಡೆಯುವಾಗ ವಿದ್ಯಾರ್ಥಿಯ ಜೊತೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು ಎಂಬುದು ನಿಯಮ. ನನಗೆ ಬಾಯಿಪಾಠವಾಗಿದ್ದ ನಿಯಮ. ಹುಡುಗಿ ತಲೆಯೆತ್ತಿ ನನ್ನನ್ನು ನೋಡಿದಳು, ನಕ್ಕಳು ಅಂತಲೂ ಹೇಳಲಾಗದು, ಉತ್ತರ ಪತ್ರಿಕೆ ತೆರೆದು ಬರೆಯತೊಡಗಿದಳು. ಎರಡು ಸಾಲು ಆಚೆ ಮಾರ್ಗರೆಟ್ ನಿಂತಿದ್ದರು. ಅಂದು ಸಂಜೆ ಅವರು ಫಾರಂ ತುಂಬಿದರು: ಮೇಲ್ವಿಚಾರಕಿ ವಿದ್ಯಾರ್ಥಿನಿಯ ಜೊತೆ ಬೇರೆ ಭಾಷೆಯಲ್ಲಿ ಮಾತಾಡಿದರು, ಸುಮಾರು ಆರು ಪದ. ನಾನು ಆಡಿದ್ದು ನಾಲ್ಕು. ತಿದ್ದಿಸಲು ಹೋಗಲಿಲ್ಲ.

ಮೂರು ವಾರದ ಮೇಲೆ ಮಾರ್ಗರೆಟ್ ನನ್ನನ್ನು ಆಫೀಸಿಗೆ ಕರೆದು ಒಂದು ಪುಟದ ನಕಲು ತೋರಿಸಿದರು. ಹದಿನಾಲ್ಕನೆಯ ಸಾಲಿನ ಹುಡುಗಿಯ ಉತ್ತರ ಪತ್ರಿಕೆಯ ಮೊದಲ ಪುಟ. ಎಲ್ಲಕ್ಕಿಂತ ಮೇಲೆ, ನಟ್ಟನಡುವೆ, ಚಿಕ್ಕದಾಗಿ 786 ಎಂದಿತ್ತು. ಇನ್ನೊಂದು ಪುಟ ತೋರಿಸಿದರು. ಅದು ಮೂವತ್ತನೆಯ ಸಾಲಿನ ಒಬ್ಬ ಹುಡುಗನದು, ಪಾಕಿಸ್ತಾನದಿಂದ ಬಂದವನು. ಅಲ್ಲಿಯೂ ಅದೇ ಜಾಗದಲ್ಲಿ 786.

"ಇದು ಯಾವ ಪ್ರಶ್ನೆಯ ಉತ್ತರವೂ ಅಲ್ಲ, ಅವರ ನಂಬರೂ ಅಲ್ಲ" ಎಂದರು ಮಾರ್ಗರೆಟ್. "ತಿದ್ದುವವರಿಗೆ ಗುರುತು ಸಿಗಲೆಂದು ಹಾಕಿದ ಸಂಕೇತ ಇರಬಹುದು ಅನ್ನುತ್ತಿದ್ದಾರೆ. ಇಬ್ಬರೂ ಒಬ್ಬರೇ ಮಧ್ಯವರ್ತಿಗೆ ಹಣ ಕೊಟ್ಟಿರಬಹುದಂತೆ. ಮತ್ತೆ ಇನ್ನೊಂದು ಮಾತು, ಶಾಂತಾ. ಹುಡುಗಿ ಅದನ್ನು ಬರೆದದ್ದು ನೀವು ಅವಳ ಜೊತೆ ಮಾತಾಡಿದ ಮರುನಿಮಿಷ. ಆ ಮೂರು ಅಂಕಿ ಹೇಳಿಕೊಟ್ಟವರು ನೀವೇ ಇರಬಹುದು ಎಂದೂ ಸಮಿತಿಯಲ್ಲಿ ಒಬ್ಬರು ಕೇಳಿದ್ದಾರೆ."

ಆ ಅಂಕಿ ನನಗೆ ಗೊತ್ತಿತ್ತು. ನಮ್ಮೂರ ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದವಳು ಮೆಹಬೂಬಿ. ಪರೀಕ್ಷೆಯಲ್ಲಿ ನಾವೆಲ್ಲ ಹಾಳೆಯ ತಲೆಯ ಮೇಲೆ ಶ್ರೀ ಎಂದು ಬರೆದು, ಎರಡೂ ಕಡೆ ಎರಡೆರಡು ಗೆರೆ ಎಳೆದು ಶುರು ಮಾಡುತ್ತಿದ್ದೆವು. ಮೆಹಬೂಬಿ 786 ಎಂದು ಬರೆಯುತ್ತಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ, "ಅಲ್ಲಾನ ಹೆಸರು ಬರದ್ರ ಹಾಳಿ ಕೆಳಗ ಬಿದ್ದು ಯಾರರ ತುಳದಾರು. ಅದಕ್ಕ ನಂಬರ್" ಎಂದಿದ್ದಳು. ನನಗೆ ಅದು ಸರಿಯೆನಿಸಿತ್ತು. ನಮ್ಮ ಶ್ರೀ ಎಷ್ಟೋ ಸಲ ನೆಲಕ್ಕೆ ಬಿದ್ದಿತ್ತು. ಮಾಸ್ತರರು ಸಾಲಿನಲ್ಲಿ ಬಂದು ಎರಡು ಹಾಳೆಯನ್ನೂ ನೋಡಿ, "ದೇವ್ರು ಬಂದು ಕುಂತಾನ. ಇನ್ನ ಉತ್ತರಾನೂ ಬರ್ಲಿ" ಎನ್ನುತ್ತಿದ್ದರು.

ಇದನ್ನು ನಾನು ಮಾರ್ಗರೆಟ್‌ಗೆ ಅಲ್ಲಿಯೇ ಹೇಳಬಹುದಾಗಿತ್ತು. "ಅದು ದೇವರು" ಎಂದೆ. ಅದಕ್ಕಿಂತ ಹೆಚ್ಚು ಇಂಗ್ಲಿಷ್ ಬಾಯಿಗೆ ಬರಲಿಲ್ಲ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

ಶಬಾನಾಳೂ ಅದನ್ನೇ ಹೇಳಿದ್ದಳಂತೆ. ಸಮಿತಿಯವರು ಸುಮ್ಮನೆ ಕೂತಿರಲಿಲ್ಲ. ವಿಶ್ವವಿದ್ಯಾಲಯದಲ್ಲೇ ಕೆಲಸ ಮಾಡುವ ಒಬ್ಬ ಮುಸ್ಲಿಂ ಅಧಿಕಾರಿಯನ್ನು ಕೇಳಿದರು. ಅವರು ಇಂಡೋನೇಷಿಯಾದವರು, ಐದು ಹೊತ್ತು ನಮಾಜು ಮಾಡುವವರು. ತಮ್ಮ ದೇಶದಲ್ಲಿ ಇಂಥ ನಂಬರು ತಾವು ಕೇಳಿಯೇ ಇಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದರು. ಅದರಿಂದ ಶಬಾನಾಳ ಮೇಲಿನ ಅನುಮಾನ ಇನ್ನೂ ಬಲವಾಯಿತು. ಇಂಟರ್‌ನೆಟ್‌ನಲ್ಲಿ ಹುಡುಕಿದರು. ಅವಳು ಹೇಳಿದ್ದು ಅಲ್ಲಿ ಸಿಕ್ಕಿತು. ಹಾಗೆ ಸಿಗುವುದರಿಂದಲೇ, ಸಿಕ್ಕಿಬಿದ್ದ ಮೇಲೆ ಹುಡುಕಿ ಹೇಳಿರಬಹುದಲ್ಲ ಎಂದರು. ಪರೀಕ್ಷೆಯ ಹಾಳೆಯ ಮೇಲೆ ಮಕ್ಕಳು ಇದನ್ನು ಬರೆಯುವುದನ್ನು ಕಣ್ಣಾರೆ ಕಂಡವರು ಯಾರಿದ್ದಾರೆ? ಕಂಡವಳು ನಾನಿದ್ದೆ. ನನ್ನ ಮೇಲೆಯೇ ಅನುಮಾನವಿತ್ತು.

ತಪ್ಪು ಸಾಬೀತಾದರೆ ಅವಳಿಗೆ ಆ ವಿಷಯದಲ್ಲಿ ಸೊನ್ನೆ. ಸೊನ್ನೆಯಾದರೆ ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ಶುರುವಾಗಬೇಕಾದ ತರಬೇತಿ ಇಲ್ಲ. ತರಬೇತಿ ಇಲ್ಲದಿದ್ದರೆ ಕೋರ್ಸಿನಿಂದ ತೆಗೆಯುತ್ತಾರೆ, ಕೋರ್ಸ್ ಹೋದರೆ ವೀಸಾ ಹೋಗುತ್ತದೆ. ಒಂದಕ್ಕೊಂದು ಕೊಂಡಿ ಹಾಕಿದ ಹಾಗಿತ್ತು. ಹುಡುಗನ ವಿಚಾರಣೆಯೂ ಇದೇ ತೀರ್ಮಾನಕ್ಕೆ ಕಾದಿತ್ತು.

ಕಾಲಿನ್ ಹೇಳಿದರು, "ಏನು ಹೇಳಿದೆ ಅಂತ ನೆನಪಿಲ್ಲ ಅನ್ನು, ಡಾರ್ಲ್. ಈ ವಯಸ್ಸಿನಲ್ಲಿ ಎಲ್ಲರೂ ನಂಬುತ್ತಾರೆ." ಮಾರ್ಗರೆಟ್ ಹೇಳಿದರು, "ನೀವು ಬರಲೇಬೇಕೆಂದಿಲ್ಲ. ಲಿಖಿತ ಹೇಳಿಕೆ ಸಾಕು." ನಾನು ಸಂತೋಷದಿಂದ ಲಿಖಿತ ಹೇಳಿಕೆ ಬರೆದೆ. ನಾಲ್ಕು ಸಾಲು. ಸುಮಾ ತಿದ್ದಿಕೊಟ್ಟಳು. ಧೈರ್ಯವಾಗಿರು ಎಂದು ಹೇಳಿದೆ, ಸಂಖ್ಯೆ ಹೇಳಲಿಲ್ಲ, ಅದು ಒಂದು ಪದ್ಧತಿ, ಇಂತಿ. ಓದಿದರೆ ಸುಳ್ಳು ಹೇಳುವವರು ಬರೆದ ಹಾಗೆಯೇ ಇತ್ತು.

ಅದನ್ನು ಕೊಡಲು ಹೋದ ದಿನ ವಿಶ್ವವಿದ್ಯಾಲಯದ ಮುಂದಿನ ಬಸ್ ನಿಲ್ದಾಣದಲ್ಲಿ ಆ ಹುಡುಗಿ ನಿಂತಿದ್ದಳು. ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ಪೆಟ್ರೋಲು ಹಾಕಿಸಿಕೊಂಡವರಿಂದ ಹಣ ತೆಗೆದುಕೊಳ್ಳುವ ಕೆಲಸ ಮಾಡುತ್ತಿದ್ದಳೆಂದು ಕಾಣುತ್ತದೆ, ಆ ಅಂಗಡಿಯ ಅಂಗಿ ಹಾಕಿದ್ದಳು.

"ಆಂಟಿ, ನೀವ ಅಲ್ಲೇನ್ರಿ ಅವತ್ತ ಸಾವಕಾಶ ಬರಿ ಅಂದವ್ರು?"

ವಿಚಾರಣೆ ಮುಗಿಯುವವರೆಗೆ ವಿದ್ಯಾರ್ಥಿಯ ಜೊತೆ ಮಾತಾಡಬಾರದು. ನಾನು ಬಸ್ ಬರುವ ಕಡೆ ನೋಡಿದೆ.

"ನಾ ರಾಣೆಬೆನ್ನೂರಿನಾಕಿರಿ. ನಮ್ಮಪ್ಪಾಜಿಗೆ ಇನ್ನೂ ಹೇಳಿಲ್ರಿ. ನೀವು ಮೀಟಿಂಗಿಗೆ ಬರ್ತೀರೇನ್ರಿ?"

"ಬರದು ಕೊಡಾಕ ಹೊಂಟೇನವ್ವ" ಎಂದೆ.

"ಬರದದ್ದರಿಂದನ ಇಷ್ಟ ಆಗೇತ್ರಿ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಬಸ್ ಬಂತು. ಅವಳು ಹತ್ತಲಿಲ್ಲ, ಅದು ಅವಳ ಬಸ್ಸಲ್ಲ. ಹೇಳಿಕೆ ಕೊಡುವುದನ್ನೂ ಬಿಟ್ಟು ನಾನು ಹತ್ತಿದೆ. ಮೂರು ನಿಲ್ದಾಣ ಹೋದ ಮೇಲೆ ಇಳಿದು, ವಾಪಸು ನಡೆದು ಬಂದು, ಹೇಳಿಕೆಯನ್ನು ಚೀಲದಲ್ಲಿಯೇ ಇಟ್ಟುಕೊಂಡು, ಖುದ್ದಾಗಿ ಬರುತ್ತೇನೆ ಎಂದು ಆಫೀಸಿನಲ್ಲಿ ಹೆಸರು ಬರೆಸಿದೆ.

ಸಮಿತಿಯಲ್ಲಿ ಮೂರು ಜನ. ಅಧ್ಯಕ್ಷರು ಒಬ್ಬ ಪ್ರೊಫೆಸರ್, ಮೆಲ್ಲಗೆ ಮಾತಾಡುವವರು. ಅಂಥವರ ಮುಂದೆ ಮಾತಾಡುವುದು ಗದರುವವರ ಮುಂದೆ ಮಾತಾಡುವುದಕ್ಕಿಂತ ಕಷ್ಟ. ಒಂದು ಬದಿಗೆ ಶಬಾನಾ, ಇನ್ನೊಂದು ಬದಿಗೆ ಫಾರಂ ತುಂಬಿದವರೆಂದು ಮಾರ್ಗರೆಟ್. ನಾನು ಸುಮಾಳ ಹತ್ತಿರ ಏಳು ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಕುರ್ಚಿಯಲ್ಲಿ ಕೂತ ಕೂಡಲೆ ಏಳೂ ಹೋದವು.

"ಏನು ಹೇಳಿದಿರಿ ಅಂದು?" ಎಂದರು ಅಧ್ಯಕ್ಷರು. ಇಂಗ್ಲಿಷಿನಲ್ಲಿ ಹೇಳಿದೆ. ಮೂಲ ಭಾಷೆಯಲ್ಲೇ ಹೇಳಿ ಎಂದರು. ಫೋನಿನಲ್ಲಿ ಒಬ್ಬ ದುಭಾಷಿಯನ್ನು ಹಿಡಿದಿದ್ದರು. ಬೆಂಗಳೂರಿನವನು, ಈಗ ಸಿಡ್ನಿಯಲ್ಲಿರುವವನು. ನಾನು ಫೋನಿನ ಹತ್ತಿರ ಬಗ್ಗಿ, ಆ ನಾಲ್ಕು ಮಾತನ್ನು ಮತ್ತೆ ಹೇಳಿದೆ. ಅವನು ಎರಡು ಸಲ ಹೇಳಿಸಿದ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದ: "ಹೆದರಬೇಡಿ ತಾಯಿ, ನಿಧಾನವಾಗಿ ಬರೆಯಿರಿ, ಸಮಯವಿದೆ."

ಅಧ್ಯಕ್ಷರು ಶಬಾನಾಳನ್ನು ನೋಡಿದರು, ನನ್ನನ್ನು ನೋಡಿದರು. "ನೀವು ಈ ವಿದ್ಯಾರ್ಥಿನಿಯನ್ನು ತಾಯಿ ಎಂದು ಕರೆದಿರಾ?"

"ಹೌದು."

"ನಿಮ್ಮಿಬ್ಬರಿಗೆ ಸಂಬಂಧವಿದೆಯೇ?"

"ಇಲ್ಲ."

"ಅವಳಿಗೆ ಇಪ್ಪತ್ತು ವರ್ಷ."

"ನಮ್ಮ ಕಡೆ ಎರಡು ವರ್ಷದವಳಿಗೂ ಹಾಗೇ ಕರೆಯುತ್ತೇವೆ" ಎಂದೆ.

ಮೂರು ಜನರೂ ಬರೆದುಕೊಂಡರು. ಫೋನಿನಿಂದ ದುಭಾಷಿ, ತನ್ನನ್ನು ಕೇಳದಿದ್ದರೂ, "ದ್ಯಾಟ್ಸ್ ಕರೆಕ್ಟ್ ಸರ್, ನಾರ್ತ್ ಕರ್ನಾಟಕ" ಎಂದ. ಅವನಿಗೆ ಧನ್ಯವಾದ ಹೇಳಿ ಇಟ್ಟುಬಿಟ್ಟರು.

"ಇನ್ನು ಆ ಸಂಖ್ಯೆ" ಎಂದರು ಅಧ್ಯಕ್ಷರು.

ಒಂದು ಉತ್ತರ ಪತ್ರಿಕೆ ಕೊಡಿ ಎಂದೆ. ಮಾರ್ಗರೆಟ್ ತಮ್ಮ ಚೀಲದಿಂದ ಖಾಲಿಯದೊಂದು ತೆಗೆದುಕೊಟ್ಟರು. ನಾನು ಅದನ್ನು ಮುಂದಿಟ್ಟುಕೊಂಡು ಮೊದಲ ಪುಟ ತೆರೆದೆ. ಎಸ್ಸೆಸ್ಸೆಲ್ಸಿ ಬರೆದು ನಲವತ್ತು ವರ್ಷದ ಮೇಲಾಗಿತ್ತು. ಯೋಚಿಸುವ ಮೊದಲೇ ಕೈ ಹಾಳೆಯ ತಲೆಯ ಮೇಲೆ ಹೋಗಿ, ನಡುವೆ ಶ್ರೀ ಬರೆದು, ಎರಡೂ ಕಡೆ ಎರಡೆರಡು ಗೆರೆ ಎಳೆಯಿತು. ಅದರ ಪಕ್ಕದಲ್ಲಿ 786 ಎಂದು ಬರೆದೆ.

"ಇದು ನಾನು. ಇದು ಮೆಹಬೂಬಿ. ಒಂದೇ ಬೆಂಚು" ಎಂದೆ. "ಹಾಳೆ ಕೆಳಗೆ ಬೀಳುತ್ತದೆ. ಜನ ತುಳಿಯುತ್ತಾರೆ. ಅದಕ್ಕೆ ಅವಳು ಹೆಸರು ಬರೆಯುವುದಿಲ್ಲ, ನಂಬರು ಬರೆಯುತ್ತಾಳೆ. ನಾವು ಎಲ್ಲರೂ ಬರೆಯುತ್ತಿದ್ದೆವು. ಯಾರೂ ಹೆಚ್ಚು ಅಂಕ ಕೊಡಲಿಲ್ಲ. ಮೆಹಬೂಬಿ ಗಣಿತದಲ್ಲಿ ಫೇಲಾದಳು."

ಮೂವರೂ ಹಾಳೆಯ ಕಡೆ ಬಗ್ಗಿದರು. ನಾನು ಹೆಚ್ಚು ಹೇಳಿದೆನೇನೋ ಎಂದುಕೊಂಡು, "ಬೇರೆ ಭಾಷೆ ಆಡಿದ್ದು ನನ್ನ ತಪ್ಪು. ಅವಳು ಏನೂ ಮಾಡಿಲ್ಲ" ಎಂದು ಸೇರಿಸಿದೆ.

ಅಧ್ಯಕ್ಷರು ಮಾರ್ಗರೆಟ್ ಕಡೆ ತಿರುಗಿ, ಹೇಳುವುದೇನಾದರೂ ಇದೆಯೇ ಎಂದು ಕೇಳಿದರು. ಮಾರ್ಗರೆಟ್ ಕನ್ನಡಕ ಹಾಕಿಕೊಂಡರು. "ಶಾಂತಾ ನನ್ನ ಜೊತೆ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಈಗ ಈ ಕೋಣೆಯಲ್ಲಿ ಆಡಿದಷ್ಟು ಮಾತನ್ನು ನಾನು ಆ ಹನ್ನೊಂದು ವರ್ಷದಲ್ಲಿ ಕೇಳಿಲ್ಲ. ಇಷ್ಟು ಸುಳ್ಳು ಹೇಳಲು ಅವರಿಗೆ ಉಸಿರು ಸಾಲುವುದಿಲ್ಲ" ಎಂದರು. ಅದು ಹೊಗಳಿಕೆಯೋ ಅಲ್ಲವೋ ಎಂದು ಆಮೇಲೆ ಕಾಲಿನ್‌ರನ್ನು ಕೇಳಿದೆ. ಮಾರ್ಗರೆಟ್ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ತಾನು ಕೇಳಿಲ್ಲ ಎಂದರು.

ತೀರ್ಮಾನ ಹತ್ತು ದಿನದ ಮೇಲೆ ಬಂತು. ಶಬಾನಾ ಮತ್ತು ಆ ಹುಡುಗ ಇಬ್ಬರ ಮೇಲಿನ ಆರೋಪವನ್ನೂ ಕೈಬಿಟ್ಟರು. ಅವಳ ಉತ್ತರಗಳಿಗೆ ಅಂಕ ಕೊಟ್ಟರು, ಅವಳು ಪಾಸಾಗಿದ್ದಳು, ಆಸ್ಪತ್ರೆಯ ತರಬೇತಿ ಉಳಿಯಿತು. ನನಗೆ ಬೇರೆ ಭಾಷೆ ಆಡಿದ್ದಕ್ಕೆ ಲಿಖಿತ ಎಚ್ಚರಿಕೆ ಬಂತು. ಅದು ಸರಿಯಾದದ್ದೇ. ಸುಮಾ ಅದಕ್ಕೆ ಕಟ್ಟು ಹಾಕಿಸುತ್ತೇನೆಂದು ತಮಾಷೆ ಮಾಡಿದಳು.

ದೊಡ್ಡ ಜಾಗಗಳಲ್ಲಿ ಹೀಗೊಂದು ಆದ ಮೇಲೆ ಅದು ಮತ್ತೆ ಆಗದ ಹಾಗೆ ಒಂದು ನಿಯಮ ಮಾಡುತ್ತಾರೆ. ಉತ್ತರ ಪತ್ರಿಕೆಯ ಮೇಲೆ ಉತ್ತರಗಳನ್ನು ಬಿಟ್ಟು ಯಾವುದೇ ಅಂಕಿ, ಅಕ್ಷರ, ಚಿಹ್ನೆ ಹಾಕಬಾರದು ಎಂದು ಹೊಸ ವಾಕ್ಯ ಸೇರಿಸಿದರು. ಪರೀಕ್ಷೆ ಶುರುವಾಗುವ ಮೊದಲು ಅದನ್ನು ಮೈಕಿನಲ್ಲಿ ಓದಬೇಕು. ಮಾರ್ಗರೆಟ್ ಆ ಕಾಗದವನ್ನು ನನ್ನ ಕೈಗೆ ಕೊಟ್ಟು, "ನಿಮಗೆ ಈಗ ಮಾತು ಬರುತ್ತದೆ" ಎಂದರು.

ಮಾನಸಾ, ನಿನಗೂ ಹಾಳೆಯ ಮೇಲೆ ಶ್ರೀ ಎಂಬ ಅದೊಂದೇ ಅಕ್ಷರ ಬರೆಯಲು ಕಲಿಸಿದವಳು ನಾನೇ. ಅಲ್ಲಿ ಬರೆಯಬಹುದೋ ಬಾರದೋ ಮೊದಲೇ ಕೇಳಿಕೋ. ಕೇಳಲು ನಾಚಿಕೆಯಾದರೆ ನನ್ನನ್ನು ನೆನೆದುಕೊಂಡು, ನಾನು ಮಾಡುವುದಕ್ಕೆ ವಿರುದ್ಧವಾದದ್ದನ್ನು ಮಾಡು.

ಮುಂದಿನ ಸೆಮಿಸ್ಟರಿನ ಪರೀಕ್ಷೆಯ ದಿನ ನಾನು ಮೈಕಿನ ಮುಂದೆ ನಿಂತು ಆ ವಾಕ್ಯ ಓದಿದೆ. ನನ್ನ ದನಿ ಆ ದೊಡ್ಡ ಹಾಲಿನ ಹಿಂದಿನ ಗೋಡೆಗೆ ಹೋಗಿ ವಾಪಸು ಬಂತು, ಬೇರೆ ಯಾರದ್ದೋ ಎನ್ನುವ ಹಾಗೆ. ಓದಿ ಮುಗಿಸಿ ಸಾಲುಗಳ ಕಡೆ ಬಂದೆ. ಶಬಾನಾ ಈ ಸಲ ಒಂಬತ್ತನೆಯ ಸಾಲಿನಲ್ಲಿದ್ದಳು. ಪ್ರಶ್ನೆಪತ್ರಿಕೆ ತೆರೆಯಬಹುದು ಎಂದು ಹೇಳಿಯಾಯಿತು. ಎಲ್ಲರೂ ತೆರೆದರು. ಅವಳು ತೆರೆಯಲಿಲ್ಲ. ಪೆನ್ನನ್ನು ಕೆಳಗಿಟ್ಟಳು. ಉತ್ತರ ಪತ್ರಿಕೆಯನ್ನು ನಾಲ್ಕು ಬೆರಳಿನಷ್ಟು ಕೆಳಕ್ಕೆ ಸರಿಸಿ, ಮೇಜಿನ ಬರಿಯ ಹಲಗೆಯ ಮೇಲೆ ತೋರುಬೆರಳಿನಿಂದ ಮೂರು ಅಂಕಿ ಬರೆದಳು. ಏನೂ ಮೂಡಲಿಲ್ಲ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು.

ಅನುಮಾನ ಬಂದದ್ದನ್ನೆಲ್ಲ ಬರೆದುಕೊಳ್ಳುವುದು ನನ್ನ ಕೆಲಸ. ನಾನು ಕಾಗದ ತೆಗೆದು ಹೊಸ ನಿಯಮವನ್ನು ಇನ್ನೊಮ್ಮೆ, ಮನಸ್ಸಿನಲ್ಲೇ, ಪೂರ್ತಿ ಓದಿಕೊಂಡೆ. ಮೇಜಿನ ವಿಷಯ ಅದರಲ್ಲಿ ಏನೂ ಇರಲಿಲ್ಲ. ಹತ್ತನೆಯ ಸಾಲಿಗೆ ಹೋದೆ.